ಕಬ್ಬಿಣದ ದನಿಗೆ ಕಿವಿ ಮುಚ್ಚದಿರಲಿ: ಕಾಫಿ ತೋಟದಲ್ಲಿ ಲೋಹಶೋಧಕದ ಸ್ವರ ಆಯ್ಕೆ

ಒಂದು ಕಾಲಕ್ಕೆ ಪೊಲೀಸರ ಹಾಗೂ ಸೈನಿಕರ ಕೈಯಲ್ಲಷ್ಟೇ ಕಾಣುತ್ತಿದ್ದ ಲೋಹಶೋಧಕ, ಅಂದರೆ ಜನರ ಬಾಯಲ್ಲಿರುವ ಮೆಟಲ್ ಡಿಟೆಕ್ಟರ್, ಇಂದು ಹಣ ಕೊಟ್ಟ ಯಾರಿಗಾದರೂ ದೊರೆಯುವ ಸರಕಾಗಿದೆ. ಬಾಳೂರು, ಕೊಟ್ಟಿಗೆಹಾರ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಅದಕ್ಕೆ ಕೆಲಸವೂ ಉಂಟು. ಬೇಲಿಯಂಚಿನಲ್ಲಿ ಯಾರೋ ಕಟ್ಟಿಹೋದ ಹಂದಿ ಉರುಳನ್ನು ಹುಡುಕಬೇಕು. ಸಿಲ್ವರ್ ಓಕ್ ದಿಮ್ಮಿಯನ್ನು ಕೊಯ್ಯುವ ಮುನ್ನ ಅದರೊಳಗೆ ಮೊಳೆ ಅಡಗಿದೆಯೇ ಎಂದು ನೋಡಬೇಕು. ಹಣ್ಣು ಕುಯ್ಯುವಾಗ ಗಿಡದ ಬುಡದಲ್ಲಿ ಕಳಚಿಬಿದ್ದ ಸರವನ್ನು ತರಗೆಲೆಯ ಅಡಿಯಿಂದ ಎತ್ತಬೇಕು.

ಆದರೆ ಗುಂಡಿ ಒತ್ತಿದೊಡನೆ ಯಂತ್ರವು ತಾನಾಗಿ ಆರಿಸಿಕೊಳ್ಳುವ ಸ್ವರ ಹೊಂದಾಣಿಕೆ ಈ ಕೆಲಸಗಳಿಗಾಗಿ ರೂಪುಗೊಂಡದ್ದಲ್ಲ. ಯುರೋಪು, ಅಮೆರಿಕಗಳ ಉತ್ತ ಹೊಲಗಳಲ್ಲಿ ಹಳೆಯ ನಾಣ್ಯ ಅರಸುವ ಹವ್ಯಾಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಕರು ಅದನ್ನು ಗೊತ್ತುಮಾಡಿರುತ್ತಾರೆ. ಆ ಹವ್ಯಾಸಿಗೆ ಕಬ್ಬಿಣ ಎಂದರೆ ಕಸ. ಹಾಗಾಗಿ ಬಹುತೇಕ ಯಂತ್ರಗಳು ಕಬ್ಬಿಣದ ದನಿಯನ್ನು ಪೂರ್ತಿ ಅಡಗಿಸಿ, ಬೆಳ್ಳಿ, ತಾಮ್ರದ ದನಿಯನ್ನು ಮಾತ್ರ ಕಿವಿಗೆ ಮುಟ್ಟಿಸುತ್ತವೆ. ಮಲೆನಾಡಿನ ತೋಟದಲ್ಲಿ ಹುಡುಕಬೇಕಾದ ವಸ್ತುವೇ ಬಹುಪಾಲು ಕಬ್ಬಿಣ. ಅಲ್ಲಿ ಮೌನವಾಗಿರುವ ಯಂತ್ರವನ್ನು ನಂಬಿ ಕಾಲಿಟ್ಟವರಿಗೆ ಅಪಾಯ ಕಟ್ಟಿಟ್ಟದ್ದು.

ದನಿ ಹುಟ್ಟುವ ಬಗೆ

ಲೋಹಶೋಧಕದ ತುದಿಯಲ್ಲಿರುವ ತಟ್ಟೆಯೊಳಗೆ ಸಾಮಾನ್ಯವಾಗಿ ಎರಡು ತಂತಿಸುರುಳಿಗಳಿರುತ್ತವೆ. ಒಂದು ಸುರುಳಿ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವನ್ನು ನೆಲಕ್ಕೆ ಕಳುಹಿಸುತ್ತದೆ. ಆ ಕ್ಷೇತ್ರದೊಳಗೆ ಲೋಹವೊಂದು ಸಿಕ್ಕಿದರೆ ಅದರ ಮೈಯಲ್ಲಿ ಸಣ್ಣ ವಿದ್ಯುತ್ ಪ್ರವಾಹ ಸುತ್ತತೊಡಗಿ, ಮರಳಿ ತನ್ನದೇ ಒಂದು ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಇನ್ನೊಂದು ಸುರುಳಿ ಅದನ್ನು ಗ್ರಹಿಸುತ್ತದೆ. ಹೋದ ಅಲೆಗೂ ಬಂದ ಅಲೆಗೂ ನಡುವಿನ ವಿಳಂಬ ಲೋಹದಿಂದ ಲೋಹಕ್ಕೆ ಬೇರೆ. ಬೆಳ್ಳಿ, ತಾಮ್ರದಂತಹ ಒಳ್ಳೆಯ ವಾಹಕಗಳದ್ದು ಒಂದು ಬಗೆ, ಕಾಂತಗುಣವುಳ್ಳ ಕಬ್ಬಿಣದ್ದು ಇನ್ನೊಂದು ಬಗೆ. ಈ ವ್ಯತ್ಯಾಸವನ್ನೇ ಯಂತ್ರವು ಅಂಕಿಯಾಗಿ ಪರದೆಯ ಮೇಲೂ ಸ್ವರವಾಗಿ ಕಿವಿಗೂ ತಲುಪಿಸುತ್ತದೆ. ವಾಡಿಕೆಯಂತೆ ಕಬ್ಬಿಣಕ್ಕೆ ಮಂದ್ರ ಸ್ವರ, ಬೆಳ್ಳಿ ತಾಮ್ರಗಳಿಗೆ ತಾರ ಸ್ವರ, ಅಲ್ಯೂಮಿನಿಯಂ ಚೂರು, ತೆಳು ಚಿನ್ನ ಮೊದಲಾದವಕ್ಕೆ ನಡುವಿನ ಸ್ವರ.

ಲೋಹವನ್ನು ಕಿವಿಯಿಂದ ಹುಡುಕುವ ಈ ಉಪಾಯ ಟೆಲಿಫೋನಿನಷ್ಟೇ ಹಳೆಯದು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಉಳಿದಿದ್ದ ಗುಂಡನ್ನು ಪತ್ತೆಮಾಡಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಸುರುಳಿಗಳಿಗೆ ಟೆಲಿಫೋನ್ ಶ್ರವಣಿಯನ್ನು ಜೋಡಿಸಿ ಆಲಿಸಿದರು. ಪ್ರಯೋಗ ಫಲಿಸಲಿಲ್ಲ. ರೋಗಿ ಮಲಗಿದ್ದ ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳು ಗದ್ದಲ ಎಬ್ಬಿಸಿದ್ದು ಅದಕ್ಕೆ ಕೊಡಲಾಗುವ ಕಾರಣಗಳಲ್ಲಿ ಒಂದು. ಬೇಡದ ಲೋಹದ ದನಿಯಲ್ಲಿ ಬೇಕಾದ ಲೋಹದ ದನಿ ಮುಳುಗುವ ಈ ತೊಂದರೆ ಅಂದಿನಿಂದ ಇಂದಿನವರೆಗೂ ಯಂತ್ರದ ಬೆನ್ನು ಬಿಟ್ಟಿಲ್ಲ. ಕಬ್ಬಿಣವನ್ನು ಮೌನಗೊಳಿಸುವ ಸೌಕರ್ಯ ಬಂದದ್ದೂ ಅದರಿಂದಲೇ.

ಕುದುರೆಮುಖದ ನೆರೆಯ ಮಣ್ಣು

ಬಾಳೂರಿನಿಂದ ಕಳಸದ ದಾರಿ ಹಿಡಿದು ಮುಂದೆ ಹೋದರೆ ಸಿಗುವುದು ಕುದುರೆಮುಖ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಅಲ್ಲಿಂದ ಅದಿರನ್ನು ತೆಗೆದು, ಕೆಸರಿನ ರೂಪದಲ್ಲಿ ಕೊಳವೆಯ ಮೂಲಕ ಮಂಗಳೂರಿಗೆ ಕಳುಹಿಸುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಆ ಅದಿರಿನ ಮುಖ್ಯ ಅಂಶ ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ಕಬ್ಬಿಣದ ಖನಿಜ. ತೋಟದ ಮಣ್ಣೆಲ್ಲ ಅದಿರಲ್ಲವಾದರೂ ಈ ಬೆಟ್ಟಗಳ ಕೆಂಪು ಮಣ್ಣಿನಲ್ಲಿ, ಜಂಬಿಟ್ಟಿಗೆಯಲ್ಲಿ, ಹಳ್ಳದಲ್ಲಿ ಉರುಳಿಬಂದ ಕರಿಗಲ್ಲಿನಲ್ಲಿ ಕಬ್ಬಿಣದ ಅಂಶ ಹೇರಳ. ಇಂತಹ ನೆಲವೇ ಲೋಹಶೋಧಕಕ್ಕೆ ದನಿಗೂಡಿಸುತ್ತದೆ. ತಟ್ಟೆಯನ್ನು ನೆಲಕ್ಕೆ ಇಳಿಸಿದೊಡನೆ ಗುರುಗುಟ್ಟುವಿಕೆ, ಎತ್ತಿದೊಡನೆ ಮೌನ. ಮಾರಾಟಗಾರರ ಜಾಹೀರಾತಿನಲ್ಲಿ ಹೇಳಿದ ಆಳವೂ ಇಲ್ಲಿ ಸಿಗಲಾರದು.

ಇದಕ್ಕೆ ಮದ್ದು ಗ್ರೌಂಡ್ ಬ್ಯಾಲೆನ್ಸ್ ಎಂಬ ಹೊಂದಾಣಿಕೆ. ಲೋಹವಿಲ್ಲದ ಜಾಗ ಹುಡುಕಿ, ತಟ್ಟೆಯನ್ನು ನೆಲದಿಂದ ಒಂದಡಿ ಎತ್ತರದವರೆಗೆ ಮೇಲೆ ಕೆಳಗೆ ಆಡಿಸುತ್ತಾ, ದನಿ ಏರದೆ ಇಳಿಯದೆ ಸಮನಾಗುವವರೆಗೆ ಯಂತ್ರವನ್ನು ಸರಿಪಡಿಸಬೇಕು. ತೋಟದ ಮೇಲ್ಭಾಗದಿಂದ ಹಳ್ಳದ ಅಂಚಿಗೆ ಇಳಿದಾಗ ಮಣ್ಣು ಬದಲಾಗುವುದರಿಂದ ಮತ್ತೊಮ್ಮೆ ಮಾಡಬೇಕು. ಆಮೇಲೂ ಕಿರಿಕಿರಿ ಉಳಿದರೆ ಸೆನ್ಸಿಟಿವಿಟಿಯನ್ನು ತುಸು ಇಳಿಸುವುದು ಲೇಸು. ಬಹಳ ಮಂದಿ ಇಲ್ಲಿಯೇ ದಾರಿ ತಪ್ಪುತ್ತಾರೆ. ಗದ್ದಲ ತಾಳಲಾರದೆ ಡಿಸ್ಕ್ರಿಮಿನೇಶನ್ ಗುಂಡಿಯನ್ನು ಏರಿಸುತ್ತಾರೆ. ಯಂತ್ರ ಶಾಂತವಾಗುತ್ತದೆ, ನಿಜ. ನೆಲದ ದನಿಯ ಜೊತೆಗೆ ಉರುಳಿನ ತಂತಿಯ ದನಿಯೂ ಶಾಂತವಾಗಿರುತ್ತದೆ.

ಖನಿಜಯುಕ್ತ ಕಲ್ಲಿನ ದನಿಗೂ ಲೋಹದ ದನಿಗೂ ಕಿವಿಗೆ ಗೊತ್ತಾಗುವ ವ್ಯತ್ಯಾಸ ಇದೆ. ಲೋಹವಾದರೆ ಎಡದಿಂದ ಬೀಸಿದರೂ ಬಲದಿಂದ ಬೀಸಿದರೂ ಅದೇ ಜಾಗದಲ್ಲಿ, ಚುರುಕಾಗಿ, ಅಂಚು ಸ್ಪಷ್ಟವಾಗಿ ಕೇಳುತ್ತದೆ. ಕಲ್ಲಿನ ದನಿ ಹರಡಿಕೊಂಡಂತೆ ಇದ್ದು, ತಟ್ಟೆಯನ್ನು ನಾಲ್ಕು ಬೆರಳು ಮೇಲೆತ್ತಿದರೆ ಕರಗಿಹೋಗುತ್ತದೆ.

ಒಂದು ಸ್ವರವೇ, ಹಲವೇ

ಯಂತ್ರಗಳು ಒದಗಿಸುವ ಸ್ವರಗಳನ್ನು ಸ್ಥೂಲವಾಗಿ ಹೀಗೆ ಅರಿಯಬಹುದು. ಒಂಟಿ ಸ್ವರದಲ್ಲಿ ಯಾವ ಲೋಹಕ್ಕಾದರೂ ಒಂದೇ ದನಿ; ಏನಿದೆ ಎಂದು ತಿಳಿಯದು, ಇದೆ ಎಂದು ಮಾತ್ರ ತಿಳಿಯುತ್ತದೆ. ಎರಡು ಸ್ವರದಲ್ಲಿ ಕಬ್ಬಿಣಕ್ಕೆ ಮಂದ್ರ, ಉಳಿದೆಲ್ಲಕ್ಕೂ ತಾರ. ಮೂರು, ನಾಲ್ಕು, ಐದು ಸ್ವರಗಳ ಯಂತ್ರಗಳಿವೆ. ಪರದೆಯ ಪ್ರತಿ ಅಂಕಿಗೂ ಒಂದೊಂದು ಸ್ವರ ನುಡಿಸುವವೂ ಇವೆ. ಇವುಗಳ ಜೊತೆಗೆ, ವಸ್ತು ಹತ್ತಿರವಾದಂತೆ ಸ್ವರವೂ ಗಟ್ಟಿತನವೂ ಏರುತ್ತಾ ಹೋಗುವ ಪಿಚ್ ವಿಧಾನ ಉಂಟು. ಬಹುಸ್ವರ ಕೇಳಲು ಸೊಗಸು, ಅನುಭವಿಗೆ ಉಪಯುಕ್ತ. ಹೊಸಬರಿಗೆ, ಅದೂ ಕಬ್ಬಿಣಾಂಶದ ನೆಲದಲ್ಲಿ, ಅದು ಜಾತ್ರೆಯ ಗದ್ದಲವೇ ಸರಿ.

ಥ್ರೆಶೋಲ್ಡ್ ಎಂಬ ಇನ್ನೊಂದು ಸೌಕರ್ಯವನ್ನು ಜನ ಸಾಮಾನ್ಯವಾಗಿ ಉಪೇಕ್ಷಿಸುತ್ತಾರೆ. ಅದು ತಂಬೂರಿಯ ಶ್ರುತಿಯಂತೆ ಹಿನ್ನೆಲೆಯಲ್ಲಿ ಸದಾ ಕೇಳುವ ಸಣ್ಣ ಗುಂಯ್‌ಗಾನ. ಆಳದಲ್ಲಿರುವ ಚಿಕ್ಕ ವಸ್ತು ಪ್ರತ್ಯೇಕ ಸ್ವರ ಹೊರಡಿಸುವಷ್ಟು ಬಲವಾಗಿಲ್ಲದಿದ್ದರೂ ಈ ಶ್ರುತಿಯನ್ನು ಕದಡುತ್ತದೆ. ಯಂತ್ರವು ತಿರಸ್ಕರಿಸುತ್ತಿರುವ ಲೋಹದ ಮೇಲೆ ಹಾದಾಗ ಶ್ರುತಿ ಒಮ್ಮೆಲೇ ಕಡಿಯುತ್ತದೆ. ಏನನ್ನೋ ಮುಚ್ಚಿಡಲಾಗುತ್ತಿದೆ ಎಂಬ ಸುಳಿವು ಅದರಿಂದ ಸಿಗುತ್ತದೆ. ಶ್ರುತಿಯೇ ಇಲ್ಲದ ಯಂತ್ರದಲ್ಲಿ ಖಾಲಿ ನೆಲದ ಮೌನಕ್ಕೂ ತಿರಸ್ಕೃತ ಕಬ್ಬಿಣದ ಮೌನಕ್ಕೂ ಭೇದ ತಿಳಿಯದು.

ಉರುಳು ಹುಡುಕುವಾಗ

ಕಾಡುಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಸಿಕ್ಕಿಬಿದ್ದ ಸುದ್ದಿ ಮಲೆನಾಡಿನ ಓದುಗರಿಗೆ ಹೊಸತಲ್ಲ. ಬೈಕಿನ ಕ್ಲಚ್ ವಯರು, ಬ್ರೇಕ್ ವಯರುಗಳಿಂದ ಕುಣಿಕೆ ಮಾಡಿ, ಪ್ರಾಣಿ ನುಸುಳುವ ಬೇಲಿಯ ಸಂದಿಯಲ್ಲೋ ಅಗಳಿನ ದಾರಿಯಲ್ಲೋ ಗಿಡದ ಬುಡಕ್ಕೆ ಬಿಗಿಯುತ್ತಾರೆ. ಅದು ಹಂದಿ ಯಾವುದು, ಚಿರತೆ ಯಾವುದು, ತೋಟದ ನಾಯಿ ಯಾವುದು ಎಂದು ಅರಿಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಒಡ್ಡುವುದೂ ಬೇಟೆಯೇ. ಕಬ್ಬಿಣದ ಹಲ್ಲುಗಳುಳ್ಳ ಕಚ್ಚುಬಲೆ ಇನ್ನೂ ಕ್ರೂರವಾದುದು. ಮಣ್ಣು, ತರಗೆಲೆ ಮುಚ್ಚಿ ಅದನ್ನು ನೆಲದಲ್ಲೇ ಹುದುಗಿಸುತ್ತಾರೆ. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಗಸ್ತು ಸಿಬ್ಬಂದಿಗೆ ಲೋಹಶೋಧಕ ಒದಗಿಸಿದ್ದು ಮುಖ್ಯವಾಗಿ ಇಂತಹ ಹುದುಗಿಸಿದ ಬಲೆಗಳಿಗಾಗಿ.

ಇಲ್ಲಿ ಆರಿಸಬೇಕಾದದ್ದು ಎಲ್ಲ ಲೋಹವನ್ನೂ ಒಪ್ಪಿಕೊಳ್ಳುವ ಸ್ಥಿತಿ ಮತ್ತು ಒಂಟಿ ಸ್ವರ, ಸಾಧ್ಯವಿದ್ದರೆ ಪಿಚ್ ವಿಧಾನದೊಡನೆ. ಎರಡು ಸ್ವರ ಇಟ್ಟುಕೊಂಡು ಮಂದ್ರಕ್ಕೆ ಮಾತ್ರ ಕಾದು ನಿಂತರೆ ಸಾಲದೇ ಎಂಬ ಪ್ರಶ್ನೆ ಬರುವುದು ಸಹಜ. ಸಾಲದು. ಕಬ್ಬಿಣ ಎಲ್ಲ ಆಕಾರದಲ್ಲೂ ಒಂದೇ ರೀತಿ ನುಡಿಯುವುದಿಲ್ಲ. ಮೊಳೆ ಮಂದ್ರದಲ್ಲಿ ನುಡಿದರೆ, ವಾಷರು, ಬಳೆ, ಡಬ್ಬದ ಮುಚ್ಚಳದಂತಹ ಉಂಗುರಾಕಾರದ ಅಥವಾ ಅಗಲವಾದ ಕಬ್ಬಿಣ ತಾರ ಸ್ವರಕ್ಕೆ ಹಾರಿ ಬೆಳ್ಳಿಯ ವೇಷ ಹಾಕುವುದುಂಟು. ಉರುಳು ಸಹ ಒಂದು ಕುಣಿಕೆ. ಅದರ ತಂತಿ ಸುತ್ತು ಮುಚ್ಚಿಕೊಂಡಿದ್ದರೆ ದನಿ ಬಲವಾಗಿ, ಕೆಲವೊಮ್ಮೆ ಏರು ಸ್ವರದಲ್ಲಿ ಬರುತ್ತದೆ. ಬಿಡಿಸಿದ ನೇರ ತಂತಿಯಾದರೆ ಕ್ಷೀಣವಾಗಿ, ಬಿಟ್ಟುಬಿಟ್ಟು ಕೇಳುತ್ತದೆ. ಆದುದರಿಂದ ಸ್ವರ ನೋಡಿ ತೀರ್ಮಾನಿಸುವ ಕೆಲಸ ಇಲ್ಲಿ ಬೇಡ. ದನಿ ಬಂದರೆ ನಿಲ್ಲಬೇಕು, ಕಣ್ಣಿನಿಂದ ನೋಡಬೇಕು.

ಉರುಳು ನೆಲದಿಂದ ಮೇಲೆ ತೂಗುವ ವಸ್ತುವಾದ್ದರಿಂದ ತಟ್ಟೆಯನ್ನು ನೆಲಕ್ಕಷ್ಟೇ ಬೀಸಿದರೆ ಸಾಲದು. ಬೇಲಿ ಸಂದಿಯ ಎರಡೂ ಬದಿಯಲ್ಲಿ ಗಿಡದ ಬುಡದಿಂದ ಮೊಣಕಾಲೆತ್ತರದವರೆಗೆ ಹಾಯಿಸಬೇಕು. ಹೆಜ್ಜೆಗಿಂತ ತಟ್ಟೆ ಮುಂದಿರಬೇಕು. ಈ ಯಂತ್ರಗಳು ಗ್ರಹಿಸುವುದು ಕೆಲವು ಗೇಣುಗಳ ದೂರವನ್ನು ಮಾತ್ರ. ಕಾಲುದಾರಿ ಬಲ್ಲ ತೋಟದ ಮೇಸ್ತ್ರಿಯ ಕಣ್ಣಿಗೆ ಅದು ಪರ್ಯಾಯವಲ್ಲ. ಹಂದಿಗೆಂದು ಇಡುವ ಸಿಡಿಮದ್ದಿನ ಉಂಡೆಯಲ್ಲಿ ಲೋಹ ಇರಲೇಬೇಕೆಂದಿಲ್ಲ, ಹಾಗಾಗಿ ದನಿ ಬರಲಿಲ್ಲವೆಂದು ಸಂಶಯಾಸ್ಪದ ಉಂಡೆಯನ್ನು ಮುಟ್ಟಕೂಡದು. ಉರುಳು ಅಥವಾ ಬಲೆ ಕಂಡರೆ ಜಾಗದ ಗುರುತು ಮಾಡಿ ಅರಣ್ಯ ಇಲಾಖೆಗೆ ತಿಳಿಸಬೇಕು. ಪ್ರಾಣಿ ಸಿಕ್ಕಿಬಿದ್ದಿದ್ದರೆ ಸಮೀಪಕ್ಕೂ ಸುಳಿಯಬಾರದು.

ತಂತಿಗೆ ವಿದ್ಯುತ್ ಹಾಯಿಸುವ ಅಕ್ರಮವೂ ಅಲ್ಲಲ್ಲಿ ನಡೆಯುತ್ತದೆ. ಯಂತ್ರವನ್ನು ಅಲುಗಿಸದೆ ಹಿಡಿದಾಗಲೂ ಒಂದೇ ಸಮನೆ ಚಿಟಪಟ ಎನ್ನುತ್ತಿದ್ದರೆ ಸಮೀಪದಲ್ಲಿ ವಿದ್ಯುತ್ ಇದೆ ಎಂದು ಶಂಕಿಸಿ ಹಿಂದೆ ಸರಿಯುವುದು ಕ್ಷೇಮ. ಕೇವಲ ಮೇಲಿನ ಲೈನಿನ ಪ್ರಭಾವವಾಗಿದ್ದರೆ ದೂರ ಹೋದಂತೆ ಅದು ಅಡಗುತ್ತದೆ. ಸೋಲಾರ್ ಬೇಲಿಯ ಗುರುತು ಸುಲಭ: ಸುಮಾರು ಸೆಕೆಂಡಿಗೊಂದರಂತೆ ಗಡಿಯಾರದ ಹಾಗೆ ಟಕ್ ಟಕ್ ಎಂದು ಕೇಳುತ್ತದೆ.

ದಿಮ್ಮಿಯೊಳಗಿನ ಮುಳ್ಳುತಂತಿ

ತೋಟದ ಅಂಚಿನ ಸಿಲ್ವರ್ ಓಕ್, ಹಾಲುವಾಣ ಮರಗಳನ್ನೇ ಬೇಲಿಗಂಬವಾಗಿಸಿ ಮುಳ್ಳುತಂತಿ ಬಿಗಿಯುವುದು ಹಳೆಯ ರೂಢಿ. ಹತ್ತಿಪ್ಪತ್ತು ವರ್ಷಗಳಲ್ಲಿ ಮರ ಆ ತಂತಿಯನ್ನು ನುಂಗಿ ಮೇಲೆ ತೊಗಟೆ ಬೆಳೆಸಿಕೊಳ್ಳುತ್ತದೆ. ಯಂತ್ರಗರಗಸದ ಸರಪಳಿ ಅದಕ್ಕೆ ತಾಗಿದರೆ ಹಲ್ಲು ಹಾರುತ್ತದೆ; ಸಾಮಿಲ್ಲಿನಲ್ಲಿ ಬ್ಲೇಡ್ ತುಂಡಾದರೆ ಬಳಿಯಲ್ಲಿರುವವನ ಜೀವಕ್ಕೇ ಸಂಚಕಾರ. ಬುಡದಿಂದ ಆಳೆತ್ತರದವರೆಗಿನ ಭಾಗವನ್ನು ಕೈಯಲ್ಲಿ ಹಿಡಿಯುವ ಚಿಕ್ಕ ಶೋಧಕದಿಂದ ಸುತ್ತಲೂ ನೋಡುವುದು ಉತ್ತಮ. ಒಂದೇ ಸ್ವರ ಸಾಕು. ಯಂತ್ರವನ್ನು ಅಲುಗಿಸದೆ ಹಿಡಿದರೂ ದನಿ ನಿಲ್ಲದ ಪಿನ್‌ಪಾಯಿಂಟ್ ಸ್ಥಿತಿ ಇಲ್ಲಿ ಹೆಚ್ಚು ಅನುಕೂಲ. ಮರ ಮಾತನಾಡದ ಕಾರಣ ನೆಲದ ಗದ್ದಲದ ಕಾಟವೂ ಇಲ್ಲ. ಮಣ್ಣಿನಡಿಯ ಹಳೆಯ ಜಿ.ಐ. ಪೈಪನ್ನು ಹಿಂಬಾಲಿಸಲೂ ಇದೇ ಕ್ರಮ, ಪಿ.ವಿ.ಸಿ. ಪೈಪಾದರೆ ಅದರ ಲೋಹದ ವಾಲ್ವು ಮಾತ್ರ ನುಡಿದೀತು.

ಕಳೆದುಹೋದ ಚಿನ್ನ

ಕಬ್ಬಿಣ ಕಸವೇ ಆಗುವ ಸಂದರ್ಭ ಇದೊಂದೇ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆಗಳೂ ತೋಟಗಳೂ ಮಣ್ಣುಪಾಲಾದವು. ಅಂತಹ ಅವಶೇಷದಲ್ಲಿ ಅಥವಾ ಬಿದ್ದುಹೋದ ಲೈನ್ ಮನೆಯ ಜಾಗದಲ್ಲಿ ಚಿನ್ನದ ಒಡವೆ ಹುಡುಕುವವನಿಗೆ ತಗಡು, ಮೊಳೆ, ಹಿಡಿಕೆ, ಸರಳುಗಳ ದನಿ ತಲೆ ಕೆಡಿಸುತ್ತದೆ. ಕಬ್ಬಿಣವನ್ನು ಮೌನಗೊಳಿಸುವ ಆಸೆ ಹುಟ್ಟುವುದು ಇಲ್ಲಿಯೇ, ಮೋಸವಾಗುವುದೂ ಇಲ್ಲಿಯೇ.

ಚಿನ್ನ ಒಳ್ಳೆಯ ವಾಹಕವಾದರೂ ಯಂತ್ರದ ಲೆಕ್ಕದಲ್ಲಿ ಗಾತ್ರವೂ ಆಕಾರವೂ ಮುಖ್ಯ. ದಪ್ಪ ಬಳೆ, ಉಂಗುರ ಸ್ಪಷ್ಟವಾಗಿ ನುಡಿಯುತ್ತವೆ. ತೆಳು ಸರದ ಸಂಗತಿ ಬೇರೆ. ಯಂತ್ರಕ್ಕೆ ಕಾಣುವುದು ಇಡೀ ಸರವಲ್ಲ, ಒಂದೊಂದು ಸಣ್ಣ ಕೊಂಡಿ ಮಾತ್ರ. ಅದರ ಅಂಕಿ ಸಿಗರೇಟು ಪೊಟ್ಟಣದ ಅಲ್ಯೂಮಿನಿಯಂ ಹಾಳೆಯ ಮಟ್ಟಕ್ಕೆ, ಕೆಲವೊಮ್ಮೆ ಕಬ್ಬಿಣದ ಗಡಿಗೇ ಇಳಿಯುತ್ತದೆ. ತಾಳಿಯ ಬೊಟ್ಟು ನುಡಿದಷ್ಟು ಅದರ ಸರ ನುಡಿಯದು. ಕರಿಮಣಿಯಂತೂ ಲೋಹವೇ ಅಲ್ಲ. ಕಬ್ಬಿಣವನ್ನೂ ಅದರ ಮೇಲಿನ ಅಂಕಿಗಳನ್ನೂ ಅಳಿಸಿಹಾಕಿದ ಯಂತ್ರ ಸರದ ಮೇಲೆಯೇ ಹಾದುಹೋದರೂ ಮೌನವಾಗಿರುತ್ತದೆ. ಇಲ್ಲಿ ಸೂಕ್ತವಾದದ್ದು ಎರಡು ಅಥವಾ ಮೂರು ಸ್ವರ. ಕಬ್ಬಿಣದ ಸ್ವರವನ್ನು ಅಳಿಸದೆ ಅದರ ಗಟ್ಟಿತನವನ್ನು ಮಾತ್ರ ಕಾಲುಭಾಗಕ್ಕೆ ಇಳಿಸುವುದು. ಸ್ವರಗಳ ಗಡಿಯನ್ನು ನಿರ್ಧರಿಸುವ ಟೋನ್ ಬ್ರೇಕ್ ಸೌಕರ್ಯವಿದ್ದರೆ ಕಬ್ಬಿಣದ ಗಡಿಯನ್ನು ಆದಷ್ಟು ಕೆಳಕ್ಕೆ ತಳ್ಳುವುದು. ಚಿಕ್ಕ ತಟ್ಟೆ ಹಾಕಿಕೊಂಡು ನಿಧಾನವಾಗಿ ಬೀಸುವುದು. ದೊಡ್ಡ ತಟ್ಟೆಯ ಅಡಿಗೆ ಮೊಳೆಯೂ ಚಿನ್ನವೂ ಒಟ್ಟಿಗೆ ಬಂದರೆ ಮೊಳೆಯ ದನಿಯೇ ಗೆಲ್ಲುತ್ತದೆ.

ಪರದೆಯ ಮೇಲಿನ ನಾಣ್ಯದ ಚಿತ್ರವನ್ನೂ ನಂಬುವಂತಿಲ್ಲ. ಅದು ವಿದೇಶದ ನಾಣ್ಯಗಳ ಲೆಕ್ಕ. ಈಗ ಚಲಾವಣೆಯಲ್ಲಿರುವ ಭಾರತದ ಒಂದು, ಎರಡು ರೂಪಾಯಿ ನಾಣ್ಯಗಳಲ್ಲಿ ಬಹುಪಾಲು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು. ಅವುಗಳ ಸ್ವರ ಕಬ್ಬಿಣದ ಕಡೆಗೇ ಜಿಗಿದಾಡುತ್ತದೆ.

ಒಂದು ಕಿವಿ ತೋಟಕ್ಕೆ

ಮುಂಗಾರಿಗೆ ಮುನ್ನಿನ ದಿನಗಳಲ್ಲಿ ಜೀರುಂಡೆಗಳ ಸದ್ದಿಗೆ ಸ್ಪೀಕರಿನ ಸಣ್ಣ ದನಿ ಕೇಳದು. ಹೆಡ್‌ಫೋನ್ ಧರಿಸಿದರೆ ಕ್ಷೀಣ ಸ್ವರವೂ ಸಿಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಆದರೆ ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ಮೂಡಿಗೆರೆ ಸೀಮೆಯ ತೋಟಕ್ಕೆ ಸಲ್ಲದು. ಇಲ್ಲಿ ಕಾಡಾನೆ ಹಗಲಲ್ಲೇ ಕಾಫಿ ಗಿಡಗಳ ನಡುವೆ ನಿಂತಿರುತ್ತದೆ. 2022ರ ನವೆಂಬರ್‌ನಲ್ಲಿ ತಾಲ್ಲೂಕಿನ ಕುಂದೂರು ಭಾಗದಲ್ಲಿ ಆನೆ ದಾಳಿಗೆ ಮಹಿಳೆಯೊಬ್ಬರು ಬಲಿಯಾಗಿದ್ದರು. ಕೊಂಬೆ ಮುರಿದ ಸದ್ದು ಕಿವಿಗೆ ಬೀಳುವಂತೆ ಒಂದು ಕಿವಿಗಷ್ಟೇ ಶ್ರವಣಿ ಹಾಕಿಕೊಂಡು, ಕಾವಲಿಗೆ ಇನ್ನೊಬ್ಬರನ್ನು ಜೊತೆಗಿಟ್ಟುಕೊಳ್ಳುವುದು ವಿವೇಕ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಏರು ಸ್ವರಗಳನ್ನು. ಹಿರಿಯರು ಬಳಸುವ ಯಂತ್ರದಲ್ಲಿ ಸ್ವರಗಳನ್ನೆಲ್ಲ ಒಂದಿಷ್ಟು ಕೆಳಕ್ಕೆ ಇಳಿಸಿಕೊಳ್ಳಲು ಅವಕಾಶವಿದ್ದರೆ ಅದನ್ನು ಬಳಸಿಕೊಳ್ಳಬೇಕು.

ನಿಧಿಯ ಆಸೆಗೆ ಈ ಯಂತ್ರ ಕೊಳ್ಳುವವರೂ ಇದ್ದಾರೆ. ಹೊಯ್ಸಳರ ಮೂಲಸ್ಥಾನವೆನ್ನಲಾದ ಅಂಗಡಿ ಇರುವುದು ಇದೇ ತಾಲ್ಲೂಕಿನಲ್ಲಿ. ಪಾಳುಗುಡಿ, ವೀರಗಲ್ಲುಗಳ ಬುಡ ಅಗೆದು ಹಾಳುಗೆಡಹುವ ಚಾಳಿ ರಾಜ್ಯದಾದ್ಯಂತ ಉಂಟು. ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಸ್ವಂತ ಜಮೀನಿನಲ್ಲಿ ಸಿಕ್ಕರೂ 1962ರ ಕರ್ನಾಟಕ ನಿಧಿ ಕಾಯ್ದೆಯಂತೆ ಸರ್ಕಾರದ ಗಮನಕ್ಕೆ ತರಬೇಕು. ರಾಷ್ಟ್ರೀಯ ಉದ್ಯಾನವಾಗಿರುವ ಕುದುರೆಮುಖದೊಳಕ್ಕೆ ಅನುಮತಿಯಿಲ್ಲದೆ ಯಂತ್ರ ಹೊತ್ತು ಹೋಗುವುದಂತೂ ಬೇಡ.

ಹೊಸ ಯಂತ್ರ ಕೈಗೆ ಬಂದವರು ತೋಟಕ್ಕಿಳಿಯುವ ಮುನ್ನ ಅಂಗಳದ ಪಕ್ಕದ ಮಣ್ಣಿನಲ್ಲಿ ಒಂದು ಪರೀಕ್ಷಾಪಾತಿ ಮಾಡಿಕೊಳ್ಳಬಹುದು. ಸಿಮೆಂಟಿನ ಕಣದ ಮೇಲೆ ಮಾಡಬಾರದು, ಅದರೊಳಗೆ ಸರಳಿದ್ದರೆ ಲೆಕ್ಕ ತಪ್ಪುತ್ತದೆ. ಎರಡಡಿ ಅಂತರದಲ್ಲಿ ಒಂದು ಮೊಳೆ, ನೇರ ಕ್ಲಚ್ ವಯರಿನ ತುಂಡು, ಅದೇ ವಯರನ್ನು ಕುಣಿಕೆ ಮಾಡಿದ್ದು, ಮುಳ್ಳುತಂತಿಯ ಗಂಟು, ಡಬ್ಬದ ಮುಚ್ಚಳ, ತೆಳು ಬೆಳ್ಳಿ ಸರ ಇವುಗಳನ್ನು ನಾಲ್ಕು ಬೆರಳು ಆಳದಲ್ಲಿ ಹೂತು, ಗೂಟ ನೆಟ್ಟು, ಮೊದಲು ಎಲ್ಲ ಲೋಹದ ಸ್ಥಿತಿಯಲ್ಲೂ ಬಳಿಕ ಯಂತ್ರ ತಾನಾಗಿ ಆರಿಸಿಕೊಂಡ ಸ್ಥಿತಿಯಲ್ಲೂ ಹಾದುನೋಡಿದರೆ, ಎರಡನೆಯ ಸಲ ಯಾವ ಯಾವ ಗೂಟದ ಬಳಿ ದನಿ ನಿಂತುಹೋಯಿತು ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮಳೆಗಾಲದಲ್ಲಿ ಮಣ್ಣು ನೆನೆದ ಮೇಲೆ ಅದೇ ಪಾತಿಯ ಮೇಲೆ ಇನ್ನೊಮ್ಮೆ ಹಾಯಿಸಿ ನೋಡಬೇಕು, ದನಿಗಳು ಬೇಸಗೆಯಲ್ಲಿ ಕೇಳಿದಂತೆ ಇರುವುದಿಲ್ಲ.